ಹಿತ್ತಲಿನ ಕಟ್ಟಿಗೆ ವರ್ಕ್‌ಶಾಪ್: ಮೇ ತಿಂಗಳಲ್ಲಿ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಶಾಲೆಗೆ ರಜೆ ಬಿಟ್ಟೊಡನೆ ಕಲಬುರಗಿಯ ಬಡಾವಣೆಗಳಲ್ಲಿ ಹಿತ್ತಲಿಗೊಂದು ಕಟ್ಟಿಗೆಯ ಗ್ಯಾರೇಜ್ ಎಬ್ಬಿಸುವ ಗದ್ದಲ ಶುರುವಾಗುತ್ತದೆ. ಒಂದು ಮಗ್ಗಲಿಗೆ ಬೈಕ್, ಇನ್ನೊಂದು ಮಗ್ಗಲಿಗೆ ಬಡಿಗತನದ ಮೇಜು, ಗೋಡೆಗೆ ಸಾಲಾಗಿ ಉಳಿ, ಗರಗಸ. ಆಸೆ ಚಲೋದೇ. ಆದರೆ ನಕ್ಷೆ ಮೊಬೈಲಿನಲ್ಲಿ ಕಂಡ ಚಳಿ ದೇಶದ್ದು, ಕಟ್ಟಿಗೆ ಏಪ್ರಿಲ್‌ನಲ್ಲಿ ಅಡ್ಡೆಯಿಂದ ಹಸಿಯಾಗಿ ತಂದದ್ದು, ನಿಲ್ಲಿಸುವುದು ಮೇ ತಿಂಗಳ ಬಿರುಕು ಬಿಟ್ಟ ಎರೆ (ಕಪ್ಪು ಜಿಗುಟು ಮಣ್ಣಿನ) ನೆಲದ ಮೇಲೆ. ಮೃಗಶಿರಾ ಮಳೆ ಬಿದ್ದ ಮೇಲೆ ಬಾಗಿಲು ಚೌಕಟ್ಟಿನೊಳಗೆ ಕೂಡುವುದಿಲ್ಲ. ಮುಂದಿನ ಯುಗಾದಿ ಹೊತ್ತಿಗೆ ಗೋಡೆಯ ಹಲಗೆ ಮೊಳೆ ಹೊಡೆದಲ್ಲೇ ಸೀಳಿರುತ್ತವೆ. ಆಗ ಬೈಗುಳ ಬಡಿಗೇರರಿಗೆ.

ತಪ್ಪು ಬಹಳ ಸಲ ಬಡಿಗೇರರದ್ದಲ್ಲ, ಪಂಚಾಂಗದ್ದು. ನಮ್ಮ ಕಡೆ ನೆಲವೂ ಕಟ್ಟಿಗೆಯೂ ನೀರು ಕುಡಿದರೆ ಉಬ್ಬುತ್ತವೆ, ಬಿಟ್ಟರೆ ಕುಗ್ಗುತ್ತವೆ. ಇವೆರಡೂ ತೀರಾ ಒಣಗಿರುವ ತಿಂಗಳಲ್ಲಿ ಎಲ್ಲವನ್ನೂ ಬಿಗಿಯಾಗಿ ಜೋಡಿಸಿದರೆ ಮಳೆಗಾಲದಲ್ಲಿ ಅವುಗಳಿಗೆ ಹಿಗ್ಗಲು ಜಾಗವೇ ಇರುವುದಿಲ್ಲ. ಹಿತ್ತಲಿನ ಶೆಡ್ ಆದರೂ ಅದರ ಯೋಜನೆ ಒಂದು ವರ್ಷದ್ದು ಎಂಬುದೇ ಈ ಪತ್ರದ ಮಾತು. ಏಕೆ, ಹೇಗೆ ಎಂಬುದನ್ನು ಅಳತೆ ಸಮೇತ ಬರೆದಿದ್ದೇವೆ. ಸ್ಥಳ ಸಾಲದಿದ್ದರೆ ಕತ್ತರಿಸಿಕೊಳ್ಳಿ, ಅಂಕಿಗಳನ್ನು ಮಾತ್ರ ಬಿಡಬೇಡಿ.

ಮೊದಲು ಅಳತೆ. 40-60ರ ಸೈಟಿನ ಹಿತ್ತಲಲ್ಲಿ 12 ಅಡಿ ಅಗಲ, 16 ಅಡಿ ಉದ್ದ ಸಿಕ್ಕರೆ ಒಂದೆರಡು ಬೈಕ್ ಮತ್ತು ಒಬ್ಬರು ಆರಾಮಾಗಿ ಕೆಲಸ ಮಾಡುವಷ್ಟು ಜಾಗವಾಗುತ್ತದೆ. 8 ಅಡಿಯ ಪ್ಲೈವುಡ್ ಹಾಳೆಯನ್ನು ಮೇಜಿನ ಗರಗಸದ ಮೇಲೆ ಈ ಕಡೆಯಿಂದ ಆ ಕಡೆಗೆ ಹಾಯಿಸಬೇಕೆಂದರೆ ಹಿಂದೆ ಎಂಟು, ಮುಂದೆ ಎಂಟು ಅಡಿ ಬೇಕು. 16ರ ಲೆಕ್ಕ ಬಂದದ್ದು ಅಲ್ಲಿಂದ. ಕಾರೂ ಒಳಗೆ ನಿಲ್ಲಬೇಕೆಂದರೆ ಸಣ್ಣ ಕಾರಿಗೇ ಓಡಾಟ ಸೇರಿ 18 ಅಡಿ, ಮೇಜಿಗೆ ಇನ್ನು 4 ಅಡಿ, ಒಟ್ಟು 22 ಅಡಿ ಉದ್ದ ಬೇಕಾಗುತ್ತದೆ. 12ಕ್ಕೆ 16 ಹಿಡಿಯುವುದರಲ್ಲಿ ಗೌಂಡಿಗಳಿಗೆ ಇಷ್ಟವಾಗುವ ಇನ್ನೊಂದು ಅನುಕೂಲವಿದೆ: ಮೂಲೆಯಿಂದ ಮೂಲೆಗೆ ದಾರ ಹಿಡಿದರೆ ಸರಿಯಾಗಿ 20 ಅಡಿ ಬರಬೇಕು. ಎರಡೂ ಕರ್ಣ 20 ಬಂದರೆ ಗುಣಿಯಾ (ಮೂಲೆಮಟ್ಟ) ಇಲ್ಲದೆಯೂ ಮೂಲೆ ನೇರ.

ಗೂಟ ಹೊಡೆಯುವ ಮುಂಚೆ ಪಾಲಿಕೆಗೆ ಹೋಗಿ ನಿಮ್ಮ ಸೈಟಿನ ಅಳತೆಗೆ ಹಿಂಬದಿ ಎಷ್ಟು ಖಾಲಿ ಬಿಡಬೇಕೆಂದು ಬರಹದಲ್ಲಿ ಕೇಳಿಕೊಳ್ಳಿ. ಕಟ್ಟಿಗೆಯದು, ನಾಳೆ ಬಿಚ್ಚಬಹುದು ಎಂಬ ವಾದ ನೆರೆಮನೆಯವರ ತಕರಾರಿನ ಮುಂದೆ ನಿಲ್ಲುವುದಿಲ್ಲ. ಬೆಂಕಿಯ ದೃಷ್ಟಿಯಿಂದ ಮನೆಯ ಗೋಡೆಗೂ ಶೆಡ್ಡಿಗೂ ಕನಿಷ್ಠ 5 ಅಡಿ ಅಂತರ ಇರಲಿ. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಇಡುವ ಮಗ್ಗಲಿಗಂತೂ ಶೆಡ್ ಬೇಡವೇ ಬೇಡ.

ಇನ್ನು ನೆಲ. ಇದೇ ಮುಖ್ಯ ವಿಷಯ, ಸ್ವಲ್ಪ ದೀರ್ಘವಾಗಿಯೇ ಹೇಳಬೇಕು. ಶೆಡ್ ಹಗುರ, ಬುನಾದಿ ಯಾಕೆ ಎಂದು ಕೇಳುವವರು ಬಹಳ. ಎರೆ ಮಣ್ಣಿನಲ್ಲಿ ಲೆಕ್ಕ ಉಲ್ಟಾ. ನಾವು ಹೇಳುವ ಅಳತೆಯ ಶೆಡ್ಡಿನ ಕಟ್ಟಿಗೆ ಒಂದೂವರೆ ಟನ್ ಆಸುಪಾಸು, ಅದರ ಕೆಳಗಿನ ಕಾಂಕ್ರೀಟ್ ಬೀಮ್ ಎರಡೂವರೆ-ಮೂರು ಟನ್. ಎರಡೂ ಸೇರಿ ನೆಲದ ಮೇಲೆ ಬೀಳುವ ಭಾರ ಚದರ ಮೀಟರಿಗೆ ಒಂದು ಟನ್ ಚಿಲ್ಲರೆ. ಎರೆ ಮಣ್ಣು ಉಬ್ಬುವಾಗ ಅದರ ಹಲವು ಪಟ್ಟು ಒತ್ತಡವನ್ನು ಮೇಲಕ್ಕೆ ಹಾಕಬಲ್ಲದು. ಮೂರಂತಸ್ತಿನ ಮನೆ ತನ್ನ ಭಾರದಿಂದ ಮಣ್ಣನ್ನು ಅದುಮಿಟ್ಟುಕೊಂಡೀತು. ಶೆಡ್ಡನ್ನು, ಕಾಂಪೌಂಡ್ ಗೋಡೆಯನ್ನು ಮಣ್ಣು ಎತ್ತಿಯೇ ಎತ್ತುತ್ತದೆ. ನಗರದ ಕಾಂಪೌಂಡ್ ಗೋಡೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕುಗಳೇ ಇದಕ್ಕೆ ಸಾಕ್ಷಿ. ಅದೂ ಒಂದೇ ಸಮನಾಗಿ ಎತ್ತುವುದಿಲ್ಲ. ಶೆಡ್ಡಿನ ನಡುವಿನ ಮಣ್ಣಿಗೆ ನೆರಳಿದೆ, ತೇವ ಹೆಚ್ಚು ಬದಲಾಗದು. ಅಂಚಿನ ಮಣ್ಣು ಮಳೆಯಲ್ಲಿ ನೆನೆದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಇಳಿಯುತ್ತದೆ. ಹೀಗಾಗಿ ಅಂಚಿನ ಕಂಬಗಳು ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ, ನಡುವಿನ ಫರಸಿ ನಿಂತಲ್ಲೇ ಇರುತ್ತದೆ. ಬಾಗಿಲು ಹಿಡಿದುಕೊಳ್ಳುವುದು ಈ ವ್ಯತ್ಯಾಸದಿಂದ.

ನಿಮ್ಮ ಹಿತ್ತಲಿನ ಮಣ್ಣು ಎಷ್ಟು ಕೆಟ್ಟದ್ದೆಂದು ತಿಳಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎರಡಡಿ ಆಳದ ಮಣ್ಣು ತೆಗೆದು ಒಣಗಿಸಿ, ಕುಟ್ಟಿ, ಹಿಟ್ಟಿನಂತೆ ಜರಡಿ ಹಿಡಿಯಿರಿ. 100 ಮಿ.ಲೀ.ನ ಎರಡು ಅಳತೆಯ ಗಾಜಿನ ನಳಿಗೆಗಳಲ್ಲಿ ತಲಾ 10 ಗ್ರಾಂ ಮಣ್ಣು ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಳಿಗುಳ್ಳೆ ಹೋಗುವಂತೆ ಕಲಕಿ 24 ತಾಸು ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು 10 ಮಿ.ಲೀ. ಗೆರೆಗೆ ನಿಂತು ನೀರಿನಲ್ಲಿ 18ಕ್ಕೆ ಬಂದರೆ ಹಿಗ್ಗು ಶೇ 80 ಎಂದು ಲೆಕ್ಕ. ಶೇ 50 ದಾಟಿದರೆ ಎಚ್ಚರ ಬೇಕು, 100 ದಾಟಿದರೆ ಸಾದಾ ಬುನಾದಿಯ ಮಾತೇ ಎತ್ತಬಾರದು. ಇದು ಭಾರತೀಯ ಮಾನಕದಲ್ಲೇ ಇರುವ ವಿಧಾನ. ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಜೊತೆಗೆ ಒಂದು ಗುಂಡಿ ತೋಡಿ ನೋಡಿ. ಮೂರಡಿಯೊಳಗೆ ಮುರುಮು (ಗಟ್ಟಿ ಗರಸು ಮಣ್ಣು) ಅಥವಾ ಕಲ್ಲು ಸಿಕ್ಕರೆ ನಿಮ್ಮ ಪುಣ್ಯ: ಎರೆಯನ್ನೆಲ್ಲ ತೆಗೆದು ಗಟ್ಟಿ ನೆಲದಿಂದಲೇ ಮೇಲೆ ಬನ್ನಿ. ಎರೆ ಇನ್ನೂ ಆಳಕ್ಕೆ ಇದ್ದರೆ ಶೆಡ್ಡಿನ ಅಳತೆಗಿಂತ ಸುತ್ತ ಒಂದೂವರೆ ಅಡಿ ಹೆಚ್ಚು, ಅಂದರೆ 15ಕ್ಕೆ 19 ಅಡಿ, ಮೂರಡಿ ಆಳ ಅಗೆದು ಮುರುಮು ತುಂಬಬೇಕು. ಗುಂಡಿ 855 ಘನ ಅಡಿ. ಮುರುಮು ಕುಟ್ಟಿದಾಗ ಇಳಿಯುವುದರಿಂದ ಸಡಿಲಾಗಿ ತರಿಸುವಾಗ ಹತ್ತು ಹನ್ನೊಂದು ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಲೆಕ್ಕ ಇಟ್ಟುಕೊಳ್ಳಿ. ಆರಾರು ಅಂಗುಲದ ಪದರ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ಧಮ್ಮಸು ಮಾಡಿದರೆ ಮಾತ್ರ ಉಪಯೋಗ. ಮೂರಡಿಯನ್ನು ಒಂದೇ ಸಲ ಸುರಿದು ಮೇಲಿಂದ ರೋಲರ್ ಹಾಯಿಸಿದರೆ ಕೆಳಗಿನ ಎರಡಡಿ ಸಡಿಲಾಗಿಯೇ ಉಳಿಯುತ್ತದೆ. ಮುರುಮಿನ ಬದಲು ಉಸುಕು ತುಂಬಬಾರದು. ಬೇರೆ ಕಡೆ ನಡೆದೀತು, ಎರೆಯಲ್ಲಿ ಉಸುಕಿನ ಗುಂಡಿ ಎಂದರೆ ನೀರಿನ ತೊಟ್ಟಿ: ಮಳೆ ನೀರೆಲ್ಲ ಅದರೊಳಗೆ ಇಳಿದು, ಕೆಳಗಿನ ಎರೆಗೆ ತಿಂಗಳುಗಟ್ಟಲೆ ಕುಡಿಸುತ್ತದೆ.

ಬಲ್ಬ್ ಪೈಲ್, ಅಂದರೆ ಕೆಳತುದಿ ಅಗಲಿಸಿದ ಕಾಂಕ್ರೀಟ್ ಕಂಬದ ಬುನಾದಿ ಹಾಕಿಸಿ ಎನ್ನುವವರೂ ಇದ್ದಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಮಣ್ಣಿಗೆಂದೇ ರೂಪಿಸಿದ ಈ ವಿಧಾನ ಬಹಳ ಒಳ್ಳೆಯದು. ಆದರೆ ಆಳವಾದ ಎರೆಯಲ್ಲಿ ಅದು ಮೂರೂವರೆ ಮೀಟರ್ ಇಳಿಯಬೇಕು, ಬಲ್ಬಿನ ಅಗಲ ಕಂಬದ ಎರಡೂವರೆ ಪಟ್ಟು ಇರಬೇಕು. ಮುಂದೆ ಅದರ ಮೇಲೆ ಇಟ್ಟಿಗೆ ಕೋಣೆ ಎಬ್ಬಿಸುವವರು ಹಾಕಿಸಲಿ. ಕಟ್ಟಿಗೆ ಶೆಡ್ಡಿಗೆ ಅದು ದುಂದು.

ಮುರುಮಿನ ಮೇಲೆ ಸುತ್ತ 9 ಅಂಗುಲ ಅಗಲ, 12 ಅಂಗುಲ ಎತ್ತರದ ಕಾಂಕ್ರೀಟ್ ಬೀಮ್. ನಾಲ್ಕು 12 ಮಿ.ಮೀ. ಸರಳು, ಆರು ಅಂಗುಲಕ್ಕೊಂದು 8 ಮಿ.ಮೀ. ರಿಂಗ್, ತೂಕಕ್ಕೆ 12ರದ್ದು ಸುಮಾರು 65 ಕಿಲೋ, 8ರದ್ದು 45 ಕಿಲೋ ಬೇಕಾಗುತ್ತದೆ. ಒಂದಕ್ಕೆ ಒಂದೂವರೆ ಉಸುಕು, ಮೂರು ಖಡಿ ಹಿಡಿದರೆ 40 ಘನ ಅಡಿ ಕಾಂಕ್ರೀಟಿಗೆ ಹತ್ತು ಚೀಲ ಸಿಮೆಂಟ್, 18 ಘನ ಅಡಿ ಉಸುಕು, 35 ಘನ ಅಡಿ ಖಡಿ. ಎರಡು ವಾರ ನೀರುಣಿಸುವುದು ಬಿಡಬಾರದು. ಒಳಗಿನ ನೆಲಕ್ಕೆ 4 ಅಂಗುಲ ಕಾಂಕ್ರೀಟ್, ಮೇಲೆ ಶಹಾಬಾದ್ ಫರಸಿ. ಈ ನೆಲವನ್ನು ಬೀಮಿಗೆ ಅಂಟಿಸಬಾರದು. ನಡುವೆ ಅರ್ಧ ಅಂಗುಲ ಸಂದು ಬಿಟ್ಟು ಡಾಂಬರು ತುಂಬಬೇಕು. ನೆಲ ಒಂದಿಷ್ಟು ಎದ್ದರೂ ಬೀಮನ್ನು ಎಳೆಯದಿರಲಿ ಎಂದು. ಹೊರಗೆ ಸುತ್ತ ಮೂರಡಿ ಅಗಲ ಫರಸಿಯ ಕಟ್ಟೆ, ಮೂವತ್ತಕ್ಕೆ ಒಂದರ ಇಳಿಜಾರು, ಸಂದುಗಳಿಗೆ ಸಿಮೆಂಟ್. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಈ ಕಟ್ಟೆಯೇ, ಹಣ ಕಮ್ಮಿ ಬಿದ್ದಾಗ ಮೊದಲು ಬಿಟ್ಟುಬಿಡುವುದೂ ಇದನ್ನೇ. ಬಚ್ಚಲ ನೀರಿನ ಪೈಪು ಶೆಡ್ಡಿನ ಬದಿಯಲ್ಲಿ ಹಾಯ್ದಿದ್ದರೆ ಬೇರೆ ಕಡೆ ತಿರುಗಿಸಿ. ಬೇವು, ಅರಳಿಯಂಥ ದೊಡ್ಡ ಮರವಿದ್ದರೆ ಮರದ ಎತ್ತರದಷ್ಟು ದೂರ ಹಿಡಿಯಿರಿ. ಬೇರು ಬೇಸಿಗೆಯಲ್ಲಿ ಒಂದು ಕಡೆಯ ಎರೆಯ ತೇವವನ್ನಷ್ಟೇ ಹೀರಿ ಆ ಮೂಲೆಯನ್ನು ಕುಸಿಸುತ್ತದೆ.

ಬೀಮಿನ ಮೇಲ್ಮೈ ಎಷ್ಟು ಎತ್ತರದಲ್ಲಿರಬೇಕು ಎಂಬಲ್ಲಿ ಜಗ್ಗಾಟವಿದೆ. 2020ರ ಅಕ್ಟೋಬರಿನಂಥ ಮಳೆ ನೆನೆದರೆ ಒಂದೂವರೆ ಅಡಿ ಬೇಕು. ಆದರೆ ಬೈಕ್ ಹತ್ತಿಸಲು ಎಂಟಕ್ಕೆ ಒಂದರ ಇಳಿಜಾರು ಕೊಟ್ಟರೂ ಒಂದೂವರೆ ಅಡಿಗೆ 12 ಅಡಿ ಉದ್ದದ ರ‍್ಯಾಂಪ್ ಆಗುತ್ತದೆ, ಹಿತ್ತಲೆಲ್ಲ ಅದಕ್ಕೇ ಹೋದೀತು. ಬರೀ ವರ್ಕ್‌ಶಾಪ್ ಆದರೆ ಒಂದೂವರೆ ಅಡಿ, ಗಾಡಿಯೂ ಒಳಗೆ ಬರುವುದಾದರೆ 9 ಅಂಗುಲ ಮತ್ತು ಬಾಗಿಲ ಮುಂದೆ ಜಾಳಿಗೆ ಹಾಕಿದ ಅಡ್ಡ ಚರಂಡಿ ಎಂಬುದು ನಮ್ಮ ಸಲಹೆ.

ಬೀದರ್ ಊರಿನ ಕೆಂಪು ಜಂಬಿಟ್ಟಿಗೆ ನೆಲದವರಿಗೆ ಈ ತಾಪತ್ರಯವಿಲ್ಲ. ಒಂದೂವರೆ ಅಡಿ ಆಳದ ಪಾಯ, ಅಲ್ಲಿಯದೇ ಜಂಬಿಟ್ಟಿಗೆ ಕಲ್ಲಿನ ಎರಡು ವರಸೆ ಸಾಕು. ಔರಾದ್, ಭಾಲ್ಕಿ ಕಡೆಯ ಎರೆ ಹೊಲದ ಸೈಟುಗಳಿಗೆ ಮಾತ್ರ ಮೇಲಿನ ಮಾತೇ ಅನ್ವಯ. ಯಾದಗಿರಿಯಲ್ಲಿ ಗುಡ್ಡದ ಬದಿಗೆ ಬಂಡೆ ಬೇಗ ಸಿಗುತ್ತದೆ. ಶಹಾಪುರ, ಸುರಪುರದ ಕಾಲುವೆ ನೀರು ಹಾಯುವ ಎರೆಯಲ್ಲಿ ತೇವ ಮಳೆಗಾಲ ಮುಗಿದರೂ ಇಳಿಯುವುದಿಲ್ಲ. ಅಲ್ಲಿ ಗೆದ್ದಲಿನ ಚಿಂತೆ ಹೆಚ್ಚು.

ಗೆದ್ದಲಿಗೆ ಎರಡು ಕಾವಲು. ಒಂದು ಔಷಧ: ಮುರುಮು ತುಂಬಿದ ಮೇಲೆ, ಕಾಂಕ್ರೀಟಿಗೆ ಮುಂಚೆ, ಇಮಿಡಾಕ್ಲೋಪ್ರಿಡ್ ಶೇ 30.5ರ ದ್ರಾವಣವನ್ನು ಲೀಟರ್ ನೀರಿಗೆ 2.1 ಮಿ.ಲೀ. ಬೆರೆಸಿ ಚದರ ಮೀಟರಿಗೆ 5 ಲೀಟರ್ ಹನಿಸಬೇಕು. ನಮ್ಮ ಗುಂಡಿಗೆ 130 ಲೀಟರ್ ಆಸುಪಾಸು, ಔಷಧ 280 ಮಿ.ಲೀ. ಬಾವಿ ಅಥವಾ ಬೋರ್ ಪಕ್ಕದಲ್ಲಿದ್ದರೆ ಇದು ಬೇಡ. ಮಳೆ ಬರುವ ದಿನವೂ ಬೇಡ. ಎರಡನೆಯ ಕಾವಲು ತಗಡು. ಬೀಮಿನ ಮೇಲೆ 24 ಗೇಜಿನ ಸತುವಿನ ತಗಡು ಹಾಸಿ, ಎರಡೂ ಬದಿಗೆ ಎರಡಂಗುಲ ಹೊರಚಾಚಿ ಕೆಳಕ್ಕೆ ಬಾಗಿಸಿ, ಅದರ ಮೇಲೆ ಕಟ್ಟಿಗೆಯ ಅಡಿಪಟ್ಟಿ ಕೂಡಿಸಬೇಕು. ತಗಡು ಗೆದ್ದಲನ್ನು ಕೊಲ್ಲುವುದಿಲ್ಲ. ಅದರ ಮಣ್ಣಿನ ಸುರಂಗ ತಗಡಿನ ಅಂಚು ಸುತ್ತಿ ಮೇಲೆ ಬರುವಾಗ ನಿಮ್ಮ ಕಣ್ಣಿಗೆ ಬೀಳುವಂತೆ ಮಾಡುತ್ತದೆ. ತಿಂಗಳಿಗೊಮ್ಮೆ ಸುತ್ತು ಹಾಕಿ ನೋಡದವರಿಗೆ ತಗಡಿನಿಂದ ಏನೂ ಲಾಭವಿಲ್ಲ. ಬೋಲ್ಟ್ ತೂರಿದ ತೂತುಗಳಿಗೆ ಡಾಂಬರು ಮೆತ್ತಬೇಕು.

ಆ ಬೋಲ್ಟ್‌ಗಳ ವಿಷಯ. ಕಂಬಕ್ಕೊಂದರಂತೆ ಒಟ್ಟು 14 ಬೋಲ್ಟ್; 12 ಮಿ.ಮೀ. ದಪ್ಪ, ಒಂದಡಿ ಉದ್ದ, ಕೆಳಗೆ ಕೊಕ್ಕೆ ಬಾಗಿಸಿದವು. ಕಾಂಕ್ರೀಟ್ ಹಸಿಯಿದ್ದಾಗಲೇ ನಿಲ್ಲಿಸಿ, ನಟ್ ಕೂತ ಮೇಲೂ ಎರಡು ಅಂಗುಲ ಮರೆ (ಬೋಲ್ಟಿನ ಸುತ್ತುಗೆರೆ) ಉಳಿಯುವಂತೆ ಬಿಡಿ. ಮುಂದೆ ಒಂದು ಮೂಲೆ ಅರ್ಧ ಅಂಗುಲ ಕುಸಿದರೆ ನಟ್ ಸಡಿಲಿಸಿ, ಕಾರಿನ ಜಾಕ್‌ನಿಂದ ಅಡಿಪಟ್ಟಿಯನ್ನು ಎತ್ತಿ, ಕೆಳಗೆ ಕಬ್ಬಿಣದ ಪಟ್ಟಿ ಸೇರಿಸಿ ಮತ್ತೆ ಬಿಗಿಯಬಹುದು. ಇಟ್ಟಿಗೆ ಗೋಡೆಗಿಲ್ಲದ ಈ ಅನುಕೂಲ ಕಟ್ಟಿಗೆಗಿದೆ. ಮರೆಯನ್ನು ನಟ್‌ಗೆ ಸಮವಾಗಿ ಕತ್ತರಿಸಿ ಚಂದ ಮಾಡುವವರು ಅದನ್ನು ಕಳೆದುಕೊಳ್ಳುತ್ತಾರೆ.

ಕಟ್ಟಿಗೆಗೆ ಬರೋಣ. ಉತ್ತರದ ಕಡೆ 9 ಅಡಿಯ ಐದು ಕಂಬ, ದಕ್ಷಿಣಕ್ಕೆ ಏಳೂವರೆ ಅಡಿಯ ಐದು, ಎರಡು ತುದಿಗೋಡೆಗಳಿಗೆ ಎರಡೆರಡು. ಎಲ್ಲ 4ಕ್ಕೆ 4 ಅಂಗುಲ. ಅಡಿಪಟ್ಟಿ 4ಕ್ಕೆ 3, ಕಂಬದ ಮೇಲಿನ ತೊಲೆ 3ಕ್ಕೆ 5. ಛಾವಣಿಯ ಜಂತಿ 3ಕ್ಕೆ 6, ನಾಲ್ಕಡಿಗೊಂದರಂತೆ ಐದು, ತಲಾ 16 ಅಡಿ: 12 ಅಡಿ ಒಳಹರವು, ಎರಡೂ ಕಡೆ ಎರಡಡಿ ಚಾಚು. 16 ಅಡಿಯ ಒಂದೇ ತುಂಡು ಸಿಗದಿದ್ದರೆ ಚಾಚಿನ ತುಂಡನ್ನು ಬೇರೆಯಾಗಿ ತಂದು, ಜಂತಿಯ ಮಗ್ಗಲಿಗೆ ನಾಲ್ಕಡಿ ಒಳಗೆ ಸರಿಸಿ ಮೂರು ಬೋಲ್ಟ್ ಹಾಕಿ. ಹರವಿನ ನಟ್ಟನಡುವೆ ಬೆಸುಗೆ ಬೇಡ. ಜಂತಿ ಎರಡಂಗುಲ ದಪ್ಪ ಸಾಕೆಂದು ಅಡ್ಡೆಯವರು ಹೇಳಿದರೆ ಒಪ್ಪಬೇಡಿ, ನಡು ಜೋಲುತ್ತದೆ. ಜಂತಿಯ ಮೇಲೆ 2ಕ್ಕೆ 3ರ ರೀಪು ಆರು ಸಾಲು, ಗೋಡೆಗೆ ಅಡ್ಡಪಟ್ಟಿ ಎರಡು ಸಾಲು, ಪ್ರತಿ ಮೂಲೆಗೆ ಎರಡೂ ದಿಕ್ಕಿನಲ್ಲಿ ಓರೆ ಆಧಾರ. ವ್ಯರ್ಥ ಸೇರಿ ಚೌಕಟ್ಟಿಗೆ 50 ಘನ ಅಡಿ. ಗೋಡೆಯ ಹಲಗೆ ಮತ್ತು ಸಂದುಪಟ್ಟಿಗೆ ಒಂದಂಗುಲದಲ್ಲಿ ಕೊಯ್ಸಿದ 44 ಘನ ಅಡಿ. ರಂದಾ ಹೊಡೆದರೆ ಮುಕ್ಕಾಲು ಅಂಗುಲ ಉಳಿಯುತ್ತದೆ.

ಯಾವ ಕಟ್ಟಿಗೆ? ಅಡಿಪಟ್ಟಿಗೆ ಸಾಗವಾನಿ, ಮತ್ತಿ ಅಥವಾ ಜಾಲಿಯ ತಿರುಳು. ಅಲ್ಲಿ ರಾಜಿ ಬೇಡ. ಜಾಲಿ ಕಬ್ಬಿಣದಂಥದ್ದು, ತೂತು ಕೊರೆಯದೆ ಮೊಳೆ ಇಳಿಯದು. ಬೇವಿನ ತಿರುಳು ಗೋಡೆಗೆ ಚೆನ್ನ, ಹೊರಗಿನ ಬಿಳಿ ಭಾಗ ಹುಳಕ್ಕೆ ಹಬ್ಬ. ನೀಲಗಿರಿ ಒಣಗುವಾಗ ತಿರುಚುತ್ತದೆ, ಸಾರವೆಗೆ ಸೈ. ಮಾವು ಪೆಟ್ಟಿಗೆ ಮಾಡಲಿಕ್ಕೆ. ಹಳೆ ವಾಡೆ ಕೆಡವಿದಲ್ಲಿ ಬರುವ ತೊಲೆ, ಕಂಬಗಳು ಸಿಕ್ಕರೆ ಬಿಡಬೇಡಿ, ದಶಕಗಟ್ಟಲೆ ಒಣಗಿ ನೆಟ್ಟಗಾದ ಮಾಲು ಅದು. ಕೊಯ್ಸುವ ಮುಂಚೆ ಆಯಸ್ಕಾಂತ ಆಡಿಸಿ ಮೊಳೆ ಹುಡುಕಬೇಕು. ಒಂದು ಮುರಿದ ಮೊಳೆಗೆ ಗರಗಸದ ಬ್ಲೇಡು ಹೋಗುತ್ತದೆ.

ಹೊಸ ಹಲಗೆಯನ್ನು ನೆರಳಲ್ಲಿ, ನೆಲದಿಂದ ಒಂದಡಿ ಮೇಲೆ, ಪದರ ಪದರಕ್ಕೆ ಒಂದಂಗುಲದ ಪಟ್ಟಿ ಕೊಟ್ಟು ಒಟ್ಟಬೇಕು. ಪಟ್ಟಿಗಳು ಎರಡಡಿಗೊಂದರಂತೆ, ಒಂದರ ನೇರಕ್ಕೆ ಒಂದು. ತುದಿಗಳಿಗೆ ಬಣ್ಣ ಬಳಿಯಿರಿ. ಬಳಿಯದಿದ್ದರೆ ನಮ್ಮ ಬಿಸಿಗಾಳಿಗೆ ತುದಿ ಮೊದಲು ಒಣಗಿ ಅರ್ಧಡಿ ಸೀಳುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ಯಂತ್ರವೇ ಬೇಕೆಂದಿಲ್ಲ: ನಡುವಿನ ಒಂದು ಹಲಗೆ ಎಳೆದು ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಕಾಯಿರಿ.

ಹಲಗೆ ಹೊಡೆಯುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಕಲಬುರಗಿಯ ಗಾಳಿಯಲ್ಲಿ ಒಣಗಿದ ಕಟ್ಟಿಗೆಯ ತೇವ ಮೇ ತಿಂಗಳಲ್ಲಿ ಶೇ 5-6ಕ್ಕೆ ಇಳಿದು, ಆಗಸ್ಟ್‌ನಲ್ಲಿ 13-14ಕ್ಕೆ ಏರುತ್ತದೆ. ಆರಂಗುಲ ಅಗಲದ ಸಾಗವಾನಿ ಹಲಗೆ ಇಷ್ಟರಲ್ಲಿ 2 ಮಿ.ಮೀ., ಬೇರೆ ಜಾತಿಯವು 3-4 ಮಿ.ಮೀ.ವರೆಗೆ ಹಿಗ್ಗುತ್ತವೆ. ಬಡಿಗೇರರ ಲೆಕ್ಕದಲ್ಲಿ ಒಂದು ಸೂತು. 16 ಅಡಿ ಗೋಡೆಗೆ 32 ಹಲಗೆ, ಅಂದರೆ ಎರಡೂವರೆಯಿಂದ ಐದು ಅಂಗುಲ ಹಿಗ್ಗು. ಬೇಸಿಗೆಯಲ್ಲಿ ಅಂಟಿಸಿ ಹೊಡೆದ ಗೋಡೆ ಮಳೆಗಾಲದಲ್ಲಿ ಹೊಟ್ಟೆ ಉಬ್ಬಿಸಿ ಮೊಳೆ ಕೀಳುವುದು ಇದಕ್ಕೇ. ಹಲಗೆಗಳನ್ನು ನಿಲುವಾಗಿ ನಿಲ್ಲಿಸಿ. ಬೇಸಿಗೆಯಲ್ಲಾದರೆ ಸಂದು ಒಂದು ಸೂತು, ಡಿಸೆಂಬರ್‌ನಲ್ಲಾದರೆ ಅರ್ಧ, ಮಳೆಗಾಲದಲ್ಲಾದರೆ ಅಂಟಿಸಿಯೇ. ಪ್ರತಿ ಅಡ್ಡಪಟ್ಟಿಗೆ ಹಲಗೆಯ ನಡುಗೆರೆಯಲ್ಲಿ ಒಂದೇ ಸ್ಕ್ರೂ. ಎರಡು ಅಂಚಿಗೆ ಎರಡು ಮೊಳೆ ಹೊಡೆದರೆ ಕುಗ್ಗುವ ಹಲಗೆ ನಡುವೆ ಸೀಳದೆ ಬೇರೆ ದಾರಿಯಿಲ್ಲ. ಸಂದಿನ ಮೇಲಿನ ಪಟ್ಟಿಯ ಮೊಳೆ ಸಂದಿನ ಮೂಲಕವೇ ಹಾಯ್ದು ಹಿಂದಿನ ಅಡ್ಡಪಟ್ಟಿಗೆ ಹೋಗಬೇಕು, ಯಾವ ಹಲಗೆಯನ್ನೂ ಹಿಡಿಯಬಾರದು. ಆಗ ಪಟ್ಟಿಯ ಕೆಳಗೆ ಎರಡೂ ಹಲಗೆ ಸರಿದಾಡುತ್ತವೆ, ಮಳೆ ಮಾತ್ರ ಒಳಗೆ ಬರುವುದಿಲ್ಲ. ಗೋಡೆಯ ಕೆಳಗಿನ ಒಂದೂವರೆ ಅಡಿಗೆ ಹೊರಗಿನಿಂದ ತೆಳು ಫರಸಿ ನಿಲ್ಲಿಸಿದರೆ ಕಟ್ಟೆಗೆ ಬಿದ್ದು ಸಿಡಿಯುವ ನೀರು ಹಲಗೆಗೆ ತಾಗದು. ಫರಸಿಗೂ ಹಲಗೆಗೂ ನಡುವೆ ಗಾಳಿ ಆಡಲು ಒಂದಂಗುಲ ಬಿಡಿ.

ಬಾಗಿಲು ಪೂರ್ವದ ತುದಿಗೆ, ಮೂರು ಮೂರು ಅಡಿಯ ಎರಡು ಕದ, ಹೊರಕ್ಕೆ ತೆರೆಯಲಿ, ಕೆಳಗೆ ಮುಕ್ಕಾಲು ಅಂಗುಲ ಬಿಡುವು ಇರಲಿ. ಕದದ ಓರೆಪಟ್ಟಿ ಕೆಳಗಿನ ಕೀಲಿನ ಮೂಲೆಯಿಂದ ಹೊರಟು ಮೇಲಿನ ಹೊರ ಮೂಲೆಗೆ ಹೋಗಬೇಕು. ಭಾರ ಪಟ್ಟಿಯನ್ನು ಅದುಮಿ ಕೀಲಿಗೆ ದಾಟುತ್ತದೆ. ಉಲ್ಟಾ ಹಾಕಿದರೆ ಪಟ್ಟಿಯ ಮೊಳೆಗಳ ಮೇಲೆ ಎಳೆತ ಬಿದ್ದು ಕದ ಜೋತುಬೀಳುತ್ತದೆ. ಊರಿನ ಅರ್ಧ ಗೇಟುಗಳಲ್ಲಿ ಇದು ಉಲ್ಟಾ ಇದೆ, ಬೇಕಾದರೆ ಬೀದಿಯಲ್ಲಿ ಒಂದು ಸುತ್ತು ಹೋಗಿ ನೋಡಿ.

ಛಾವಣಿಯ ಇಳಿಜಾರು ದಕ್ಷಿಣಕ್ಕಿರಲಿ. ಎತ್ತರದ ಗೋಡೆ ಉತ್ತರಕ್ಕೆ ಬಂದರೆ ಮೇಜಿನ ಮೇಲೆ ದಿನವಿಡೀ ಒಂದೇ ಸಮನಾದ ಬೆಳಕು ಬೀಳುತ್ತದೆ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುವುದರಿಂದ ಆ ಕಡೆಗೂ ಎರಡಡಿ ಚಾಚು ಬೇಕು. ಪಶ್ಚಿಮದ ಗೋಡೆಗೆ ಕಿಟಕಿ ಬೇಡ: ಮುಂಗಾರಿನ ಎರಚಲೂ ಅಲ್ಲಿಂದಲೇ, ಸಂಜೆಯ ಬಿಸಿಲೂ ಅಲ್ಲಿಂದಲೇ. ಉತ್ತರದ ತೊಲೆಯ ಕೆಳಗೆ ಉದ್ದಕ್ಕೂ ಒಂದಡಿ ಎತ್ತರದ ಜಾಲರಿ ಹಾಕಿ, ದಕ್ಷಿಣದ ಗೋಡೆಯಲ್ಲಿ ನೆಲದ ಹತ್ತಿರ ಅದರ ಅರ್ಧದಷ್ಟು ಬಿಡಿ. ಬಿಸಿ ಗಾಳಿ ಇಳಿಜಾರು ಹಿಡಿದು ಏರಿ ಹೊರಬೀಳುತ್ತದೆ; ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅದು ಕೆಳಗಿನ ಜಾಲರಿಯಿಂದ ಹೋಗುತ್ತದೆ.

ಹೊದಿಕೆಗೆ ತಿಳಿ ಬಣ್ಣದ ಪತ್ರಾಸ್ (ತಗಡಿನ ಹಾಳೆ), 0.5 ಮಿ.ಮೀ. ದಪ್ಪ, ಹದಿನಾರೂಕಾಲು ಅಡಿಯ ಒಂದೇ ಉದ್ದಕ್ಕೆ ಕತ್ತರಿಸಿ ತರಿಸಿದರೆ ಆರು ಹಾಳೆ ಸಾಕು, ಅಡ್ಡ ಸಂದೇ ಇಲ್ಲ. ಬಿಸಿಲಿಗೆ ಕೆಳಗೆ ಬೆಳ್ಳಿ ಬಣ್ಣದ ಗುಳ್ಳೆಹಾಳೆ ಹಾಕುತ್ತಾರೆ, ಆದರೆ ಪತ್ರಾಸಿಗೇ ಅಂಟಿಸಿಬಿಡುತ್ತಾರೆ. ಅದು ಕೆಲಸ ಮಾಡಬೇಕಾದರೆ ಹೊಳೆಯುವ ಮೈಗೂ ಪತ್ರಾಸಿಗೂ ನಡುವೆ ಕನಿಷ್ಠ ಒಂದಂಗುಲ ಗಾಳಿ ಇರಬೇಕು. ತಾಗಿದರೆ ಬಿಸಿ ನೇರ ದಾಟುತ್ತದೆ. ರೀಪಿನ ಕೆಳಮೈಗೆ ಕಟ್ಟಿದರೆ ಆ ಅಂತರ ತಾನಾಗಿ ಸಿಗುತ್ತದೆ.

ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಪತ್ರಾಸ್ ಹಾರಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಪ್ರತಿ ವರ್ಷ ಬರುತ್ತದೆ. ಹಾರುವುದು ಪತ್ರಾಸ್ ಒಂದೇ ಅಲ್ಲ, ಎಲ್ಲಿ ಹಿಡಿತ ಸಡಿಲವೋ ಅಲ್ಲಿಂದ ಮೇಲಿನದೆಲ್ಲ. ಸ್ಕ್ರೂ ರೀಪಿಗೆ, ರೀಪು ಜಂತಿಗೆ, ಜಂತಿ ತೊಲೆಗೆ, ತೊಲೆ ಕಂಬಕ್ಕೆ, ಕಂಬ ಅಡಿಪಟ್ಟಿಗೆ, ಅಡಿಪಟ್ಟಿ ಬೀಮಿನ ಬೋಲ್ಟಿಗೆ. ಪ್ರತಿ ಜಾಗದಲ್ಲೂ ಕಬ್ಬಿಣದ ಪಟ್ಟಿ ಬೇಕು. ಬರೀ ಮೊಳೆ ಸಾಲದು, ಕಟ್ಟಿಗೆ ಒಣಗಿದಂತೆ ಮೊಳೆಯ ಹಿಡಿತ ಸಡಿಲಾಗುತ್ತದೆ. ಪತ್ರಾಸಿಗೆ ರಬ್ಬರ್ ವಾಷರಿನ 65-75 ಮಿ.ಮೀ. ಸ್ಕ್ರೂ, ಉಬ್ಬಿನ ಮೇಲೆ. ಸುಮಾರು 180 ಬೇಕು. ಅಂಚಿನ ಸಾಲುಗಳಲ್ಲಿ ಪ್ರತಿ ಉಬ್ಬಿಗೂ ಹಾಕಿ. ದಕ್ಷಿಣದ ಅಂಚಿಗೆ ಮಳೆನೀರಿನ ದೋಣಿ ಕಟ್ಟಲೇಬೇಕು. ಒಂದಂಗುಲ ಮಳೆ ಬಂದರೆ ಈ ಛಾವಣಿಯಿಂದ 720 ಲೀಟರ್ ಇಳಿಯುತ್ತದೆ, ಅದು ಬೀಮಿನ ಬುಡಕ್ಕೆ ಬಿದ್ದರೆ ಮೂರಡಿ ಮುರುಮು ಹಾಕಿದ್ದೂ ದಂಡ.

ವಿದ್ಯುತ್ತಿನದು ಚುಟುಕಾಗಿ. ಮನೆಯ ಮುಖ್ಯ ಬೋರ್ಡಿನಿಂದ ಶೆಡ್ಡಿಗೆ 4 ಚದರ ಮಿ.ಮೀ. ತಾಮ್ರದ ಆರ್ಮರ್ಡ್ ಕೇಬಲ್, ಎರಡಡಿ ಆಳ, ಮೇಲೆ ಇಟ್ಟಿಗೆ. ಎರೆ ಸರಿದಾಡುವುದರಿಂದ ಎರಡೂ ತುದಿಗೆ ಎರಡಡಿ ಸುರುಳಿ ಬಿಡಿ, ಬಿಗಿಯಾಗಿ ಎಳೆದ ಕೇಬಲ್ ಬೋರ್ಡಿನಿಂದ ಕಿತ್ತುಬರುತ್ತದೆ. ಶೆಡ್ಡಿನಲ್ಲಿ ಬೇರೆ ಎಂಸಿಬಿ (ಲೋಡ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಬೇರೆ ಅರ್ಥಿಂಗ್. ಬೇಸಿಗೆಯಲ್ಲಿ ಎರೆ ಬಿರಿದು ಅರ್ಥ್ ಸರಳಿನಿಂದ ದೂರ ಸರಿಯುತ್ತದೆ. ಆ ಗುಂಡಿಗೆ ಮಾರ್ಚ್‌ನಿಂದ ಜೂನ್‌ವರೆಗೆ ವಾರಕ್ಕೊಂದು ಕೊಡ ನೀರು ಹಾಕಿ. ಗರಗಸ, ಕಂಪ್ರೆಸರ್ ಸೇರಿದರೆ ಮಂಜೂರಾದ ಲೋಡ್ ಸಾಕೇ ಎಂದು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಡಬೇಕು.

ಬೆಂಕಿಯ ಬಗ್ಗೆ ಎರಡು ಮಾತು. ವೆಲ್ಡಿಂಗ್, ಗ್ರೈಂಡಿಂಗ್ ಒಳಗೆ ಬೇಡ, ಹೊರಗಿನ ಫರಸಿಯ ಮೇಲೆ, ಅದೂ ಗೋಡೆಯಿಂದ ದೂರ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಕಡ್ಡಿ ಗೀರದೆಯೂ ಹತ್ತಿಕೊಳ್ಳುತ್ತದೆ. 43 ಡಿಗ್ರಿ ಮಧ್ಯಾಹ್ನ, ಮುಚ್ಚಿದ ಶೆಡ್ಡಿನಲ್ಲಿ ಕೇಳುವುದೇ ಬೇಡ. ತಂತಿಗೆ ಬಿಡಿಸಿ ಹರವಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಅದ್ದಿಡಿ. ಗೆದ್ದಲಿಗೆಂದು ಗಾಡಿಯ ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿಯನ್ನೂ ಬಿಡುವುದು ಒಳ್ಳೆಯದು: ಅದು ಒಣಗುವುದಿಲ್ಲ, ಮುಂದೆ ಯಾವ ಬಣ್ಣವೂ ಅದರ ಮೇಲೆ ಹಿಡಿಯದು, ಮಳೆಗೆ ತೊಳೆದು ನೆಲ ಕೆಡಿಸುತ್ತದೆ. ಬೋರಾಕ್ಸ್-ಬೋರಿಕ್ ದ್ರಾವಣ ಒಳಗಿನ ಕಟ್ಟಿಗೆಗೆ ಚೆನ್ನ, ಮಳೆ ತಾಗುವಲ್ಲಿ ಅದೂ ನಿಲ್ಲುವುದಿಲ್ಲ.

ಈಗ ವರ್ಷದ ಲೆಕ್ಕ. ಸಂಕ್ರಾಂತಿ ಕಳೆದ ಮೇಲೆ ಹಲಗೆ ಕೊಯ್ಸಿ ನೆರಳಿಗೆ ಒಟ್ಟಿ. ಬೇಸಿಗೆ ಪೂರ್ತಿ ಒಣಗಲಿ. ಮಾರ್ಚ್-ಏಪ್ರಿಲ್‌ನಲ್ಲಿ ಗುಂಡಿ ತೆಗೆದು ಮುರುಮು ತುಂಬಿ. ಒಂದು ಮಳೆಗಾಲ ಅದರ ಮೇಲೆ ಹೋಗಲಿ, ಕುಸಿಯುವುದು ಕುಸಿಯುತ್ತದೆ, ತಗ್ಗು ಬಿದ್ದಲ್ಲಿ ಮತ್ತೆ ಮುರುಮು ಹಾಕಿ ಕುಟ್ಟಿ. ದೀಪಾವಳಿ ಮುಗಿದ ಮೇಲೆ ಎರೆ ತೀರಾ ಹಸಿಯೂ ಅಲ್ಲದ, ತೀರಾ ಒಣಗಿಯೂ ಇಲ್ಲದ ಹದದಲ್ಲಿರುತ್ತದೆ. ಔಷಧ ಹೊಡೆದು ಬೀಮ್ ಹಾಕಲು ಅದೇ ಸಮಯ. ಡಿಸೆಂಬರ್‌ನಲ್ಲಿ ಚೌಕಟ್ಟು, ಛಾವಣಿ. ಹಲಗೆಯ ತೇವವೂ ಆಗ ನಡುಮಟ್ಟದಲ್ಲಿರುವುದರಿಂದ ಸಂದು ಲೆಕ್ಕಕ್ಕೆ ಸರಿಹೋಗುತ್ತದೆ. ಮಕ್ಕಳ ಬೇಸಿಗೆ ರಜೆಗೆ ಕೆಲಸ ಮಾಡಲು ಶೆಡ್ ತಯಾರಿರುತ್ತದೆ.

ನಗರಪಾಲಿಕೆಗೆ ಒಂದು ವಿನಂತಿ. ಮನೆ ಕಟ್ಟುವವರಿಗೆ ನಕ್ಷೆ ಮಾಡಿಕೊಡಲು ಎಂಜಿನಿಯರುಗಳಿದ್ದಾರೆ, ಹಿತ್ತಲಿನ ಶೆಡ್ಡಿಗೆ ಯಾರೂ ಅವರ ಬಳಿ ಹೋಗುವುದಿಲ್ಲ. ಯಾವ ಅಳತೆಯ ಸೈಟಿಗೆ ಎಷ್ಟು ಬಿಡಬೇಕು, ಎರೆಗೆ ಯಾವ ಬುನಾದಿ, ಜಂಬಿಟ್ಟಿಗೆಗೆ ಯಾವುದು ಎಂಬುದನ್ನು ಚಿತ್ರ ಸಮೇತ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ವಾರ್ಡ್ ಕಚೇರಿಗಳಲ್ಲಿಯೂ ಕಟ್ಟಿಗೆ ಅಡ್ಡೆಗಳಲ್ಲಿಯೂ ಇಡಬಹುದು. ಜನ ಶೆಡ್ಡಿನ ಮಾತು ಮೊದಲು ಎತ್ತುವುದು ಅಡ್ಡೆಯಲ್ಲೇ ಆದ್ದರಿಂದ ಅಲ್ಲಿಟ್ಟ ಹಾಳೆಯೇ ಹೆಚ್ಚು ಓದಿಸಿಕೊಂಡೀತು.

ಇತಿ,
ಕಟ್ಟಡ ಮತ್ತು ಬಡಿಗತನ ಬಲ್ಲ ಇಬ್ಬರು ಓದುಗರು,
ಕಲಬುರಗಿ